ಗೋಡೆಗೆ ಎರಡು ಬಡಿತ

ಉರಿಗಾಂ, ಕೆ.ಜಿ.ಎಫ್.
೧೨ ಜೂನ್ ೨೦೨೫, ಗುರುವಾರ

ಅರಸೀಕೆರೆಗೆ ವರ್ಗವಾಗಿ ಹೋಗಿ ಒಂಟಿ ಸಂಸಾರ ಹೂಡಿರುವ ನನ್ನ ಯಜಮಾನರಿಗೆ ಸುಮಿತಾಳ ನಮಸ್ಕಾರ.

ಹೇಗಿದ್ದೀರಿ? ಕೆಮ್ಮು ಇಳಿಯಿತೇ? ಮೂರು ಹೊತ್ತೂ ಸ್ಟೇಷನ್ ಕ್ಯಾಂಟೀನಿನ ಚಿತ್ರಾನ್ನ ತಿನ್ನಬೇಡಿ. ಕುಕ್ಕರ್ ಕೊಟ್ಟು ಕಳಿಸಿದ್ದು ನೋಡಿಕೊಂಡು ಕೂರುವುದಕ್ಕಲ್ಲ. ಫೋನ್ ಇರುವಾಗ ಕಾಗದವೇಕೆ ಅಂತೀರಿ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀವು ನಾಲ್ಕು ಆಡಿ ಮುಗಿಸಿರುತ್ತೀರಿ. ಕಾಗದದ ನಡುವೆ ಬಾಯಿ ಹಾಕಲು ನಿಮ್ಮಿಂದಾಗದು, ಅದಕ್ಕೇ.

ಜುಲೈ ಒಂದಕ್ಕೆ ಗಾಡಿ ತರುತ್ತೇನೆ, ಸಾಮಾನು ಕಟ್ಟು, ಲಿಖಿತಳ ಟಿ.ಸಿ. ತೆಗೆಸು ಎಂದಿರಿ. ಅಲ್ಲಿ ರೈಲ್ವೆ ಕ್ವಾರ್ಟರ್ಸ್ ಸಿಕ್ಕಿದೆ, ಗೋಡೆ ಗಟ್ಟಿ, ಪಕ್ಕದ ಮನೆಯವರ ಸೀನೂ ಕೇಳಿಸುವುದಿಲ್ಲ ಎಂದು ಹೊಗಳಿದಿರಿ. ಒಂಬತ್ತು ವರ್ಷದ ಹಿಂದೆ ಕಾಮಸಮುದ್ರದಿಂದ ಮದುವೆಯಾಗಿ ಬಂದಾಗ, ನೀವು ಹುಟ್ಟಿ ಬೆಳೆದ ಈ ಗಣಿ ಲೈನಿನ ಮನೆ ನೋಡಿ ಅತ್ತವಳು ನಾನೇ. ನಮ್ಮ ಗೋಡೆಯೇ ಪಕ್ಕದವರಿಗೂ ಗೋಡೆ, ಹಿಂದೆ ನೋಡಿದರೆ ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಬೂದಿ ಬಣ್ಣದ ಸೈನೈಡ್ ದಿಬ್ಬ. ಈಗ ಕೇಳಿ. ಬೆಳಿಗ್ಗೆ ಮಾರಿಕುಪ್ಪಂ ರೈಲು ಕೂಗುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕದಿದ್ದರೆ ನನಗೆ ತಡವಾಯಿತೆಂದೇ ಲೆಕ್ಕ. ಸೊಪ್ಪಿನವಳ ಹತ್ತಿರ ತೆಲುಗಿನಲ್ಲಿ ಚೌಕಾಸಿ, ಹೂವಿನವಳ ಹತ್ತಿರ ತಮಿಳಿನಲ್ಲಿ, ನಿಮ್ಮ ಹತ್ತಿರ ಜಗಳಕ್ಕೆ ಮಾತ್ರ ಕನ್ನಡ. ದೊರೆಗಳ ಕಾಲದ ಬಂಗಲೆಗಳ ಹೆಂಚು ಉದುರಿದೆ ನಿಜ, ಆದರೆ ಆ ರಸ್ತೆಯ ಮರಗಳ ನೆರಳಲ್ಲೇ ನಿಮ್ಮ ಮಗಳು ಸೈಕಲ್ ಕಲಿತಳು. ಭಾನುವಾರ ಬಂಗಾರಪೇಟೆಗೆ ಹೋಗಿ, ನೀರಿನಂತೆ ಕಾಣುವ ಪಾನಿ ಹಾಕಿದ ಪುರಿ ತಿಂದು, ಖಾರಕ್ಕೆ ಕಣ್ಣು ಒರೆಸಿಕೊಂಡು ಬಂದರೆ ನನಗೆ ಒಂದು ವಾರಕ್ಕೆ ಸಾಕು.

ಇನ್ನು ಪಕ್ಕದ ಮನೆಯ ಸೊಣ್ಣಪ್ಪ ತಾತ. ಗಣಿ ಮುಚ್ಚುವ ತನಕ ಆಳಕ್ಕಿಳಿಯುವ ಶಾಫ್ಟಿನ ಬಾಯಲ್ಲಿ ಗಂಟೆ ಹೊಡೆದು ಸನ್ನೆ ಕೊಡುತ್ತಿದ್ದವರು, ಅಲ್ಲಿಯ ಲೆಕ್ಕವನ್ನು ತಮಗೆ ಬೇಕಾದಂತೆ ತಿದ್ದಿ ನಮ್ಮ ನಡುಗೋಡೆಗೆ ತಂದದ್ದು ನಿಮಗೇ ಗೊತ್ತಲ್ಲ. ಒಂದು ಬಡಿದರೆ ನಿಲ್ಲಿಸು, ಎರಡು ಬಡಿದರೆ ಎಲ್ಲ ಸರಿ, ನಡೆಯಲಿ. ಅವರ ರೇಡಿಯೋ ಜೋರಾದಾಗ ನಾನು ಒಂದು ಬಡಿಯುವುದು, ಅವರು ತಗ್ಗಿಸಿದ ಮೇಲೆ ಎರಡು ಬಡಿಯುವುದು. ಇಬ್ಬರಿಗೂ ಹುಚ್ಚು ಎಂದು ನೀವು ನಗುತ್ತಿದ್ದಿರಿ. ನನಗೂ ಅದು ಆಟವೇ ಆಗಿತ್ತು. ಹಿತ್ತಲ ಗಿಡ ಮದ್ದಲ್ಲ ನೋಡಿ.

ಈಗ ಹೇಳುವುದಕ್ಕೆ ಗಾಬರಿಯಾಗಬೇಡಿ. ಸೋಮವಾರ ಲಿಖಿತಳನ್ನು ಶಾಲೆಗೆ ಕಳಿಸಿ, ನೀವು ಹೇಳಿದಂತೆಯೇ ಸಾಮಾನು ಕಟ್ಟಲು ಅಟ್ಟದ ಪಾತ್ರೆ ಇಳಿಸಲು ಹೋದೆ. ಸ್ಟೂಲು ಮಗುಚಿತು. ಪಾದ ಹೊರಳಿತು, ಬೆನ್ನು ನೆಲಕ್ಕೆ ಬಡಿದು ಉಸಿರೇ ಸಿಕ್ಕಿಕೊಂಡಿತು, ಕೂಗಲು ದನಿ ಇಲ್ಲ. ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ. ಕೈಗೆ ಸಿಕ್ಕಿದ ಸೌಟಿನಿಂದ ಗೋಡೆಗೆ ಒಂದು ಬಡಿದೆ, ಅಷ್ಟೇ ಆದದ್ದು. ಆ ಕಡೆ ತಾತ ರೇಡಿಯೋ ಆರಿಸಿಬಿಟ್ಟರು. ಇದ್ದ ಒಂದು ಸದ್ದೂ ನಿಂತಿತು. ಅಯ್ಯೋ, ನನಗೆ ಗದ್ದಲವಾಯಿತೆಂದು ಸುಮ್ಮನೆ ಕೂತರಲ್ಲ ಎಂದುಕೊಂಡೆ. ಆಗ ನಿಜವಾಗಿ ಹೆದರಿದೆ.

ಸ್ವಲ್ಪ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಬಂದರು, ಒಂದು ಕಾಲಿಗೆ ಮಾತ್ರ ಚಪ್ಪಲಿ. “ಒಂದು ಬಂತು, ರೇಡಿಯೋ ಆರಿಸ್ದೆ. ಆಮ್ಯಾಕೆ ಎರಡು ಬರ್ಲೇ ಇಲ್ವಲ್ಲಮ್ಮಾ. ಅದ್ಕೇ ಬಂದೆ” ಅಂದರು. ನನಗೆ ಅಳು ತಡೆಯಲಾಗಲಿಲ್ಲ. ಅವರ ಹೆಂಡತಿ ಕನಕಮ್ಮ ಇಡೀ ಲೈನನ್ನು ಕೂಗಿ ಸೇರಿಸಿದರು. ಎದುರು ಮನೆಯ ರಾಜ್‌ಕುಮಾರ್ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದ. ಮೂಳೆ ಮುರಿದಿಲ್ಲ, ಬರೀ ಉಳುಕು, ಹತ್ತು ದಿನ ಕಾಲು ಊರಬಾರದಂತೆ. ಈಗ ಮಧ್ಯಾಹ್ನ ಕನಕಮ್ಮನ ಮುದ್ದೆ, ಬಸ್ಸಾರು. ಲಿಖಿತಳನ್ನು ಶಾಲೆಗೆ ಬಿಡುವುದೂ ಕರೆತರುವುದೂ ರಾಜ್‌ಕುಮಾರನೇ. ನಾನು ಮಹಾರಾಣಿಯಂತೆ ಮಂಚದ ಮೇಲಿದ್ದೇನೆ. ಬೆನ್ನಿಗೆ ಎಣ್ಣೆ ತಿಕ್ಕುತ್ತಾ ಕನಕಮ್ಮ ಕೇಳಿದರು, “ಅಲ್ಲೆಲ್ಲೋ ಓಗಿ ಬಿದ್ರೆ ಯಾರೇ ಬತ್ತಾರೆ ನಿಂಗೆ?” ನಿಮ್ಮ ಹತ್ತಿರ ಉತ್ತರ ಇದ್ದರೆ ಬರೆಯಿರಿ.

ಗಾಡಿ ಬೇಡ. ನೀವಿಲ್ಲದೆ ಈ ಮನೆ ನನಗೆ ಅರ್ಧ ಮನೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಆ ಅರ್ಧ ತುಂಬಲು ನಾವು ಅಲ್ಲಿಗೆ ಬರುವುದೊಂದೇ ದಾರಿಯಲ್ಲ.

ಲಿಖಿತ ನಿಮಗೊಂದು ಮುತ್ತು ಕಳಿಸಿದ್ದಾಳೆ. ತಾತ, ಕನಕಮ್ಮ ಆಶೀರ್ವಾದ ಹೇಳಿದ್ದಾರೆ. ರಾತ್ರಿ ಮಫ್ಲರ್ ಸುತ್ತಿಕೊಳ್ಳಿ.

ನಿಮ್ಮ
ಸುಮಿತಾ

ವಿ.ಸೂ.: ಕಾಗದ ಬರೆದದ್ದಕ್ಕೆ ಇನ್ನೊಂದು ಕಾರಣ ಈ ಲಕೋಟೆಯಲ್ಲೇ ಇದೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿಮ್ಮದೇ ಹುದ್ದೆಯಲ್ಲಿರುವ ಮುನೀಂದ್ರ ಅವರ ಹೆಂಡತಿ ಅರಸೀಕೆರೆಯಲ್ಲಿ ಟೀಚರ್. ಮುನೀಂದ್ರ ಅವರಿಗೆ ಅಲ್ಲಿಗೆ ಬರಬೇಕು, ನಿಮಗೆ ಇಲ್ಲಿಗೆ. ಪಟ್ಟಿ ಕಟ್ಟಿರುವುದು ನನ್ನ ಕಾಲಿಗೆ, ಬಾಯಿಗಲ್ಲ. ನಿನ್ನೆ ಫೋನ್ ಮಾಡಿ ಮನೆಗೇ ಕರೆಸಿಕೊಂಡೆ. ಜಾಗ ಅದಲುಬದಲು ಮಾಡಿಕೊಳ್ಳುವ ಈ ಮ್ಯೂಚುವಲ್ ವರ್ಗಾವಣೆಯ ಅರ್ಜಿಗೆ ಅವರು ಸಹಿ ಹಾಕಿದ್ದಾರೆ, ಪಕ್ಕದ ಜಾಗ ನಿಮ್ಮದು. ಸಹಿ ಹಾಕಿ ಆಫೀಸಿಗೆ ಕೊಟ್ಟ ತಕ್ಷಣ ಫೋನ್ ಮಾಡಿ, ನಾನು ಗೋಡೆಗೆ ಎರಡು ಬಡಿಯುತ್ತೇನೆ. ತಾತನಿಗೆ ವಿಷಯ ಗೊತ್ತು. ಆ ಎರಡು ಬರುವ ತನಕ ಬೇಡವೆಂದು ಸೋಮವಾರದಿಂದ ರೇಡಿಯೋ ಹಾಕಿಲ್ಲ.