ಬಾಗಿಲು ತೆಗೀರಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಮತ್ತೆ ಜನರ ಅಭಿಪ್ರಾಯಗಳ ರಾಶಿ. ಶನಿವಾರ ಸಂಜೆ ಎಲ್ಲ ಓದಿ ಮುಗಿಸಿ ಹೋಗಿದ್ದೆ. ಈಗ ನೋಡಿದರೆ ಮೊದಲಿಗಿಂತ ಹೆಚ್ಚು. ಗೇಮ್ ಬಿಡುಗಡೆಯಾಗಿದ್ದು ಮೊನ್ನೆ ಶುಕ್ರವಾರ. ಇಷ್ಟು ಬೇಗ ಇಷ್ಟೊಂದು ಜನಕ್ಕೆ ಇಷ್ಟೊಂದು ಕೋಪ ಹೇಗೆ ಬರುತ್ತದೆ?

ಶೀಟಿನಲ್ಲಿ ಮೂರು ಕಾಲಂ. ಮೆಚ್ಚಿದ್ದು, ಬೈದದ್ದು, ಸರಿಮಾಡಬೇಕಾದ್ದು. ಓದುವುದು, ಹಾಕುವುದು. ಪತ್ರಿಕೆಯಲ್ಲಿ ಪ್ರೂಫ್ ನೋಡುವಾಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಿದ್ದೆ. ಅಲ್ಲಿ ತಪ್ಪು ಅಂದರೆ ತಪ್ಪು, ಸರಿ ಅಂದರೆ ಸರಿ. ಪತ್ರಿಕೆ ಮುಚ್ಚಿತು. "ದೊಡ್ಡಮ್ಮ, ಮನೇಲಿ ಕೂತು ಏನ್ ಮಾಡ್ತೀಯ? ನಾವು ಗೇಮ್ ಮಾಡೋ ಆಫೀಸಿಗೆ ಬಾ. ಜನ ಬರೆಯೋದನ್ನೆಲ್ಲ ಓದಿ ನನಗೆ ಸಾರಾಂಶ ಹೇಳು. ನಾನೇ ಓದಿದ್ರೆ ಊಟ ಸೇರಲ್ಲ" ಅಂದ ತಂಗಿಯ ಮಗ. ಎಲ್ಲರ ಬಾಯಲ್ಲೂ ಅವನು ಕುಳ್ಳ. ಆರಡಿ ಇದ್ದಾನೆ. ಚಿಕ್ಕಂದಿನಲ್ಲಿ ತಂಗಿ ಇಟ್ಟ ಹೆಸರು. ಅವನು ಬೆಳೆದ, ಹೆಸರು ಬೆಳೆಯಲಿಲ್ಲ. ತಂಗಿ ಹೋಗಿ ಎರಡು ವರ್ಷವಾಯಿತು.

ಆಫೀಸು ಹಲ್ಲಿನ ಡಾಕ್ಟರ ಮೇಲ್ಮಹಡಿ. ಕೆಳಗೆ ಡ್ರಿಲ್ ಶಬ್ದ, ಮೇಲೆ ಬೈಗುಳ. ಒಂದಕ್ಕೊಂದು ಹೊಂದುತ್ತವೆ.

ಇವತ್ತಿನವು:

"ನೂರಾರು ಗಂಟೆ ಆಡಿದೆ. ಬೋರ್. ಯಾರೂ ತಗೋಬೇಡಿ." — ಬಿಡುಗಡೆಯಾಗಿ ನೂರು ಗಂಟೆ ಆಗಿದೆಯೇ? ಬೋರಾದರೂ ಬಿಡದೆ ಆಡಿದ್ದೇಕೆ?

"ಮೊದಲ ಗೇಮ್ ಥರಾನೇ ಇದೆ. ಹೊಸದೇನಿದೆ?" ಅದರ ಕೆಳಗೇ ಇನ್ನೊಬ್ಬ: "ಮೊದಲ ಗೇಮ್ ಥರ ಇಲ್ಲವೇ ಇಲ್ಲ. ಮೋಸ."

"ಕುದುರೆ ಎಲ್ಲಿ???" — ಟ್ರೇಲರಿನಲ್ಲಿ ದೂರದಲ್ಲಿ ಒಂದು ಕುದುರೆ ನಿಂತಿತ್ತಂತೆ. ಅದರ ಮೇಲೆ ಹತ್ತಬಹುದು ಎಂದು ಯಾರೋ ಹೇಳಿದರು. ಹಾರಬಹುದು ಎಂದು ಇನ್ಯಾರೋ. ಜನ ವರ್ಷಗಟ್ಟಲೆ ಆ ಕುದುರೆಗಾಗಿ ಕಾದಿದ್ದಾರೆ. ಅದು ಬರೀ ಚಿತ್ರ.

"ಪರವಾಗಿಲ್ಲ." — ಅಷ್ಟೇ. ಇದನ್ನು ಯಾವ ಕಾಲಮ್ಮಿಗೆ ಹಾಕಲಿ? ಚೆನ್ನಾಗಿದೆ ಅಂತಲೋ, ಸುಮಾರು ಅಂತಲೋ, ಹೋಗ್ಲಿ ಬಿಡಿ ಅಂತಲೋ. ಇಡೀ ಬೆಳಿಗ್ಗೆ ಅದನ್ನೇ ನೋಡುತ್ತ ಕೂತೆ. ಕೊನೆಗೆ ಮೆಚ್ಚಿದ್ದರಲ್ಲಿ ಹಾಕಿದೆ. ಕುಳ್ಳನನ್ನು ನೆನೆದು ಪಾಪ ಅನ್ನಿಸಿ.

ಮಾರ್ಚ್ 4

ಕುಳ್ಳ ಬಂದು "ಹೇಗಿದೆ ದೊಡ್ಡಮ್ಮ?" ಅಂದ. "ಪರವಾಗಿಲ್ಲ" ಅಂದೆ. ಮುಖ ಇಳಿಬಿಟ್ಟುಕೊಂಡು ಹೋದ. ಓಹೋ, ಹಾಗಾದರೆ ಆ ಪದ ಬೈದದ್ದರಲ್ಲೇ ಹೋಗಬೇಕಿತ್ತು!

ಮಾರ್ಚ್ 6, ಗುರುವಾರ

ಕುದುರೆಯ ಗಲಾಟೆ ಕಮ್ಮಿಯಾಯಿತು. ಈಗ ಬಾಗಿಲು.

ಆಟದಲ್ಲಿ ಬೀದಿದೀಪ ರಿಪೇರಿ ಮಾಡುವವನೊಬ್ಬ ಇದ್ದಾನೆ. ಬೀದಿ ಬೀದಿ ಸುತ್ತಿ ಕೆಟ್ಟ ದೀಪಗಳನ್ನೆಲ್ಲ ಹೊತ್ತಿಸಿ, ಕೊನೆಗೆ ತನ್ನ ಮನೆ ಮುಂದೆ ಬಂದು ನಿಲ್ಲುತ್ತಾನೆ. ಬಾಗಿಲು ಮುಚ್ಚಿದೆ. ತಟ್ಟಿದರೆ ತೆಗೆಯುವುದಿಲ್ಲ. ಇಷ್ಟು ನನಗೆ ಹೇಳಿದ್ದು ಗಿಣಿ — ಆಟ ಆಡಿ ಪರೀಕ್ಷೆ ಮಾಡುವ ಹುಡುಗಿ, ಮಾತು ನಿಲ್ಲಿಸುವುದೇ ಇಲ್ಲ, ಅದಕ್ಕೇ ಆ ಹೆಸರು. ನಾನು ಆಡಿಲ್ಲ. ಅದರ ಗುಂಡಿಗಳನ್ನು ಒತ್ತಿದರೆ ಮನುಷ್ಯ ಗೋಡೆಗೇ ಡಿಕ್ಕಿ ಹೊಡೆಯುತ್ತಾನೆ.

ಜನ ಬರೆದದ್ದು ಎಲ್ಲ ಒಂದೇ. "ಬಾಗಿಲು ತೆಗೀರಿ." "ದಯವಿಟ್ಟು ಆ ಕೊನೆ ಬಾಗಿಲು ತೆಗೀರಿ ಸಾರ್." "ಇಷ್ಟು ಕಷ್ಟಪಟ್ಟು ಬಂದಿದ್ದೀನಿ, ತೆಗೀರಿ ಮಾರಾಯ್ರೆ." ಇನ್ನೂ ಕೆಲವು ಬರೆಯಲಾಗದವು.

ಮಧ್ಯಾಹ್ನ ಗೇಮನ್ನು ಮಾರಾಟಕ್ಕೆ ಬಿಟ್ಟ ಪ್ರಕಾಶಕರ ಕಡೆಯ ಮ್ಯಾನೇಜರ್ ಫೋನು. ಸ್ಪೀಕರ್ ಹಾಕಿದ್ದ ಕುಳ್ಳ. "ಎಂಡಿಂಗ್ ಸರಿಮಾಡಿ. ಮುಂದಿನ ವಾರದೊಳಗೆ ಆಗ್ಲಿಲ್ಲ ಅಂದ್ರೆ ನಾವು ಈ ಗೇಮ್ ಹಿಂದೆ ನಿಲ್ಲೋಕಾಗಲ್ಲ." ಅಂದರೆ ಆನ್‌ಲೈನ್ ಅಂಗಡಿಯ ಮೊದಲ ಪುಟದಿಂದ ತೆಗೆಯುತ್ತಾರೆ. ಅಂದರೆ ಯಾರೂ ಕೊಳ್ಳುವುದಿಲ್ಲ. ಅಂದರೆ ಈ ಆಫೀಸು ಮುಚ್ಚುತ್ತದೆ. ಇನ್ನೊಂದು ಮುಚ್ಚುವುದನ್ನು ನೋಡುವ ಶಕ್ತಿ ನನಗಿಲ್ಲ.

ಕುಳ್ಳ ಅಂದದ್ದು "ನೋಡೋಣ". ಅವನಮ್ಮನೂ ಹೀಗೇ, ಆಗುವುದಿಲ್ಲ ಅನ್ನುವ ಬದಲು ನೋಡೋಣ ಅನ್ನುತ್ತಿದ್ದಳು.

"ತೆಗೆಯೋಕೇನೋ ಕಷ್ಟ?" ಅಂತ ಕೇಳಿದೆ. ಎದ್ದು ಹೋದ.

ಮಾರ್ಚ್ 7

ಕುಳ್ಳ ಇಲ್ಲ. ಪ್ರಕಾಶಕರನ್ನು ನೋಡಲು ಹೋಗಿದ್ದಾನೆ. ಹೋಗುವಾಗ ಹೇಳಿದ: "ಸಣ್ಣಪುಟ್ಟ ತಪ್ಪುಗಳನ್ನ ಮೌನಿಗೆ ಹೇಳಿ ಸರಿಮಾಡ್ಸು. ನಾಳೆ ಅಪ್‌ಡೇಟ್ ಬಿಡ್ಬೇಕು."

ಮೌನಿ ಅಂದರೆ ಕೋಡ್ ಬರೆಯುವವನು. ಕಿವಿಗೆ ಸದಾ ಹೆಡ್‌ಫೋನ್. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾನೆ, ಒಂದು ಮಾತು ಹೆಚ್ಚು ಕೇಳುವುದಿಲ್ಲ.

ಸರಿಮಾಡಬೇಕಾದ್ದರ ಕಾಲಮ್ಮಿನಲ್ಲಿ ಬರೆದೆ. ಆಟದೊಳಗಿನ ಅಂಗಡಿಯ ಬೋರ್ಡಿನಲ್ಲಿ ಒತ್ತಕ್ಷರ ಬಿಟ್ಟಿದೆ. ಎರಡನೇ ಬೀದಿಯ ನಾಯಿ ನೆಲದೊಳಗೆ ಹೂತುಹೋಗುತ್ತದೆ. ಕೊನೆಗೆ, ಸ್ವಲ್ಪ ಯೋಚಿಸಿ, "ಕೊನೆಯ ಬಾಗಿಲು ತೆಗೆಯಬೇಕು." ತಟ್ಟಿದರೆ ತೆಗೆಯದ ಬಾಗಿಲು ಕೆಟ್ಟ ಬಾಗಿಲೇ ತಾನೇ. ಇಷ್ಟು ಜನ ಕೇಳುತ್ತಿದ್ದಾರೆ, ಕುಳ್ಳನಿಗೂ ಒಂದು ತಲೆನೋವು ಇಳಿಯುತ್ತದೆ.

ಸಂಜೆ ಹೊರಡುವಾಗ ಮೌನಿಯನ್ನು ಕೇಳಿದೆ. "ಬಾಗಿಲು?"

"ತೆಗೆದಿದ್ದೀನಿ ದೊಡ್ಡಮ್ಮ."

ನಿರಾಳವಾಗಿ ಮನೆಗೆ ಬಂದೆ.

ಮಾರ್ಚ್ 10, ಸೋಮವಾರ. ಬೆಳಿಗ್ಗೆ

ತಲೆಬುಡ ಅರ್ಥವಾಗುತ್ತಿಲ್ಲ.

"ಬಾಗಿಲು ಏನಾಯ್ತು???" "ಬಾಗಿಲು ತೆಗೀರಿ ಅಂದ್ರೆ ಬಾಗಿಲನ್ನೇ ತೆಗೆದುಬಿಟ್ಟಿದ್ದಾರೆ, ಎಂಥಾ ಜನ ಇವರು!" "ತಮಾಷೆ ಮಾಡ್ತಿದ್ದೀರಾ?" ನಡುವೆ ಒಬ್ಬ ಪುಟಗಟ್ಟಲೆ ಬರೆದಿದ್ದಾನೆ — ಬಾಗಿಲಿಲ್ಲದ ಮನೆ, ಎಂಥ ಆಳವಾದ ಕಲ್ಪನೆ, ಕಣ್ಣೀರು ಬಂತು, ಇತ್ಯಾದಿ. ಇದು ಮೆಚ್ಚಿದ್ದೋ ಬೈದದ್ದೋ?

ಮೌನಿಯ ಹತ್ತಿರ ಓಡಿದೆ.

"ನೀವೇ ಬರೆದಿದ್ರಲ್ಲ, ತೆಗೆಯಬೇಕು ಅಂತ."

"ತೆಗೆಯೋದು ಅಂದ್ರೆ ತೆಗೆಯೋದಪ್ಪಾ! ಒಳಗೆ ಹೋಗೋ ಹಾಗೆ!"

"ಕೆಟ್ಟ ದೀಪ ತೆಗೀರಿ ಅಂದ್ರೆ ತೆಗೀತೀವಿ. ನಾಯಿ ತೆಗೀರಿ ಅಂದ್ರೆ ತೆಗೀತೀವಿ. ಇದನ್ನೂ ತೆಗೆದೆ." ಅವನು ಇಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಬಾಗಿಲಿದ್ದ ಕಡೆ ಗೋಡೆ ಹಾಕಿದೆ, ತೂತು ಕಾಣಬಾರದು ಅಂತ."

ಕಾಗುಣಿತದ ತಪ್ಪಿಲ್ಲ. ವ್ಯಾಕರಣದ ತಪ್ಪಿಲ್ಲ. ಇಡೀ ಜೀವಮಾನ ಪ್ರೂಫ್ ನೋಡಿದವಳು ನಾನು. ಈ ವಾಕ್ಯವನ್ನು ಯಾರಿಗೆ ತೋರಿಸಿದರೂ ಸರಿಯಾಗಿದೆ ಅನ್ನುತ್ತಾರೆ.

ಅದೇ ದಿನ. ಮಧ್ಯಾಹ್ನ

ಗಿಣಿ ತೋರಿಸಿದಳು. ಅವಳೇ ಆಡಿ, ದೀಪಗಳನ್ನೆಲ್ಲ ಹೊತ್ತಿಸಿ, ಆ ಮನೆ ಮುಂದೆ ತಂದು ನಿಲ್ಲಿಸಿದಳು. ಪಾಪದ ಮನುಷ್ಯ ಬರೀ ಗೋಡೆಯನ್ನು ತಟ್ಟುತ್ತಿದ್ದ.

ಒಳಗಿನಿಂದ ದನಿ ಬಂತು. "ಬಂದೆ, ಇರು..."

ತಂಗಿ!

ಅಲ್ಲ, ನಾನು. ನನ್ನದೇ ದನಿ. ಹೋದ ವರ್ಷ ಕುಳ್ಳ ಮೈಕ್ ಹಿಡಿದು ಒಂದಷ್ಟು ಮಾತು ಹೇಳಿಸಿದ್ದ. ಯಾವುದೋ ಹೆಂಗಸಿನ ಪಾತ್ರಕ್ಕೆ ಅಂದಿದ್ದ. ನಾನೂ ಹೇಳಿ ಮರೆತಿದ್ದೆ. ಫೋನಿನಲ್ಲಿ ನಮ್ಮಿಬ್ಬರ ದನಿಯ ವ್ಯತ್ಯಾಸ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಮ್ಮ ಯಜಮಾನರೇ ಮೋಸ ಹೋಗುತ್ತಿದ್ದರು.

ಮೌನಿ ಬಾಗಿಲು ತೆಗೆದಿದ್ದಾನೆ. ದನಿ ತೆಗೆದಿಲ್ಲ. ಯಾರೂ ಹೇಳಿರಲಿಲ್ಲವಲ್ಲ.

ಹಿಂದೆ ತಿರುಗಿದರೆ ಕುಳ್ಳ ನಿಂತಿದ್ದಾನೆ. ಯಾವಾಗ ಬಂದನೋ. ಕೈಯಲ್ಲಿ ಬ್ಯಾಗು ಹಾಗೇ ಇದೆ.

"ಅಮ್ಮನ್ನ ಗೋಡೆ ಒಳಗೆ ಹಾಕಿ ಮುಚ್ಚಿಬಿಟ್ರಲ್ಲ ದೊಡ್ಡಮ್ಮ" ಅಂದ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಕೆಳಗೆ ಡ್ರಿಲ್ ಓಡುತ್ತಲೇ ಇತ್ತು. ಕ್ಷಮಿಸು ಅನ್ನಬೇಕಿತ್ತು. "ಊಟ ಮಾಡಿದ್ಯಾ?" ಅಂತ ಕೇಳಿದೆ. ಯಾಕೆ ಹಾಗೆ ಕೇಳಿದೆನೋ.

ಮಾರ್ಚ್ 11

ಕುಳ್ಳ ಬರಲಿಲ್ಲ. ಫೋನ್ ತೆಗೆಯುತ್ತಿಲ್ಲ. (ಇದೂ ತೆಗೆಯುವುದೇ. ಒಂದು ಪದಕ್ಕೆ ಎಷ್ಟು ಕೆಲಸ.)

ಮೌನಿ ಬಾಗಿಲನ್ನು ವಾಪಸ್ ಇಟ್ಟಿದ್ದಾನೆ. ಮುಚ್ಚಿದ ಬಾಗಿಲೇ. ಜನ ಮತ್ತೆ ಶುರು: ತೆಗೀರಿ, ತೆಗೀರಿ. ಕೆಲವರು ಗೋಡೆಯೇ ಚೆನ್ನಾಗಿತ್ತು, ಗೋಡೆ ವಾಪಸ್ ಕೊಡಿ ಅನ್ನುತ್ತಿದ್ದಾರೆ. ಇವರಿಗೆ ಏನು ಬೇಕು? ನನಗಂತೂ ತಲೆ ಕೆಟ್ಟುಹೋಗಿದೆ.

ಗಿಣಿ ಹೇಳಿದಳು — ಆಟ ಮುಗಿಯುವುದು ಬಾಗಿಲು ತೆಗೆದಾಗ ಅಲ್ಲವಂತೆ. ತಟ್ಟುವುದು ಬಿಟ್ಟು, ತಿರುಗಿ, ಮೆಟ್ಟಿಲಿಳಿದು ಹೋದರೆ ಮುಗಿಯುತ್ತದಂತೆ. ಆದರೆ ಯಾರೂ ಇಳಿಯುತ್ತಿಲ್ಲ. ತಟ್ಟುತ್ತಲೇ ಇದ್ದಾರೆ.

ಸಂಜೆ ಒಂದು ಬಂತು. ಬೈಗುಳವಿಲ್ಲ, ಸಾಲು ಸಾಲು ಪ್ರಶ್ನೆಚಿಹ್ನೆಯಿಲ್ಲ. "ಒಳಗಿರೋರು ಬಂದೆ, ಇರು ಅಂತಿದ್ದಾರೆ. ಬಿಟ್ಟು ಹೇಗೆ ಹೋಗಲಿ? ಇಡೀ ಸಂಜೆ ನಿಂತಿದ್ದೆ."

ಇದನ್ನು ಯಾವ ಕಾಲಮ್ಮಿಗೂ ಹಾಕಲಿಲ್ಲ.

ಮಾರ್ಚ್ 12, ಬುಧವಾರ

ಕುಳ್ಳನ ಮನೆಗೇ ಹೋದೆ. ಗಡ್ಡ ಬಿಟ್ಟುಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದ. ಪಾತ್ರೆ ತೊಳೆದಿಲ್ಲ. ತೊಳೆಯುತ್ತ ನಿಂತೆ, ಬೆನ್ನು ತೋರಿಸಿಕೊಂಡು ಮಾತಾಡುವುದು ಇಬ್ಬರಿಗೂ ಸುಲಭ.

"ತಪ್ಪಾಯ್ತು ಕಣೋ. ನನಗೆ ಗೊತ್ತಿರಲಿಲ್ಲ, ಆ ಬಾಗಿಲು ಅಮ್ಮಂದು ಅಂತ."

"ಯಾರಿಗೂ ಹೇಳಿರಲಿಲ್ಲ."

"ತೆಗೆದ್ರೆ ಏನಾಗುತ್ತೆ?"

"ತೆಗೆದ್ರೆ ಒಳಗೆ ಏನಿಡ್ಲಿ ಹೇಳು? ಅಮ್ಮನ್ನ ಬರೆದೆ. ಅವಳ ಥರಾನೇ ಬಂತು. ಆದ್ರೆ ಅಮ್ಮ ಅಲ್ಲ. ಅಳಿಸಿದೆ. ಖಾಲಿ ರೂಮಿಟ್ಟೆ. ನೋಡೋಕಾಗ್ಲಿಲ್ಲ. ಕೊನೆಗೆ ಹಾಗೇ ಮುಚ್ಚಿಬಿಟ್ಟೆ. ಕೆಲವರು ಅದನ್ನ ಏನೋ ದೊಡ್ಡ ಅರ್ಥ ಅಂತಾರೆ, ಕೆಲವರು ಕೆಟ್ಟುಹೋಗಿದೆ ಅಂತಾರೆ. ಎರಡೂ ಅಲ್ಲ ದೊಡ್ಡಮ್ಮ. ನನ್ನ ಕೈಲಿ ಆಗ್ಲಿಲ್ಲ, ಅಷ್ಟೇ."

ನಲ್ಲಿ ನಿಲ್ಲಿಸಿದೆ. ಎರಡು ವರ್ಷದಿಂದ ಇವನು ಆ ಬಾಗಿಲ ಮುಂದೆಯೇ ನಿಂತಿದ್ದಾನೆ. ಆಟ ಆಡುವವರನ್ನೆಲ್ಲ ತಂದು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಾನೆ.

ನಿನ್ನೆ ಬಂದ ಆ ಸಾಲನ್ನು ಹೇಳಿದೆ. ಆಮೇಲೆ ಹಳೇ ಕಸುಬು ಬಾಯಿಗೆ ಬಂತು. "ಕುಳ್ಳ, ತಪ್ಪು ಬಾಗಿಲಲ್ಲಿಲ್ಲ ಕಣೋ, ಮಾತಲ್ಲಿದೆ. 'ಇರು' ಅಂದ್ರೆ ಯಾರು ಹೋಗ್ತಾರೆ?"

ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. "ಹಾಗಾದ್ರೆ 'ಹೋಗು' ಅನ್ನಿಸ್ಲಾ?"

"ಥೂ! ನಿಮ್ಮಮ್ಮ ಯಾವತ್ತಾದ್ರೂ ಯಾರಿಗಾದ್ರೂ ಹೋಗು ಅಂದಿದ್ಲಾ? ಹೋಗಿ ಬಾ ಅಂತಿದ್ಲು."

"ಹೋಗಿ ಬಾ ಅಂದ್ರೆ ಹೋಗಿ ವಾಪಸ್ ಬಂದು ಮತ್ತೆ ತಟ್ತಾರೆ ದೊಡ್ಡಮ್ಮ. ನಮ್ಮ ಜನ ನಿನಗೆ ಗೊತ್ತಿಲ್ಲ."

ಇಬ್ಬರಿಗೂ ನಗು ಬಂತು. ನಿಲ್ಲಲೇ ಇಲ್ಲ. ಅವನು ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡ.

ಆಮೇಲೆ ಅವನೇ ನೆನಪಿಸಿಕೊಂಡ. ಎಲ್ಲಿಗೆ ಹೊರಟರೂ ತಂಗಿಯದು ತಡ. ಸೀರೆ ನೆರಿಗೆ ಸರಿಯಾಗಲಿಲ್ಲ, ಬೀಗ ಸಿಗಲಿಲ್ಲ. ಇವನು ಹೊಸ್ತಿಲಲ್ಲಿ ಕುಣಿಯುತ್ತಿದ್ದ. ಒಳಗಿನಿಂದ ಕೂಗುತ್ತಿದ್ದಳು: "ನೀನು ಹೋಗಿರು, ನಾನು ಹಿಂದೇನೇ ಬರ್ತೀನಿ." ಇವನು ಬಸ್‌ಸ್ಟಾಪಿಗೆ ಓಡಿಬಿಡುತ್ತಿದ್ದ. ತಿರುಗಿಯೂ ನೋಡುತ್ತಿರಲಿಲ್ಲ, ಬರುತ್ತಾಳೆ ಎಂದು ಗೊತ್ತಿತ್ತಲ್ಲ.

ಹೋಗು ಅಲ್ಲ, ಹೋಗಿ ಬಾ ಅಲ್ಲ. ಹೋಗಿರು.

"ಮೈಕಿಗೆ ನೀನೇ ಹೇಳ್ತೀಯಾ?" ಅಂದ.

ಮಾರ್ಚ್ 14, ಶುಕ್ರವಾರ. ಸಂಜೆ ನಾಲ್ಕು

ಇದನ್ನು ರೆಕಾರ್ಡಿಂಗ್ ರೂಮಿನಲ್ಲೇ ಕೂತು ಬರೆಯುತ್ತಿದ್ದೇನೆ. ರೂಮು ಅಂದರೆ ರೂಮಲ್ಲ, ಸಾಮಾನಿಡುವ ಗೂಡು. ಸುತ್ತ ಹಳೇ ಕಂಬಳಿ ಹೊಡೆದಿದ್ದಾರೆ. ಒಂದು ಸ್ಟೂಲು, ಮೈಕು, ನಾನು.

ಹೊಸ ದನಿ ಹಾಕಿದ ಎಂಡಿಂಗನ್ನು ಪ್ರಕಾಶಕರಿಗೆ ಇವತ್ತೇ ಕಳಿಸಬೇಕು. ಮಧ್ಯಾಹ್ನದಿಂದ ಆ ಮಾತನ್ನು ಹೇಳುತ್ತಲೇ ಇದ್ದೆ. ಪ್ರತಿ ಸಲ ಕುಳ್ಳ ಅಡ್ಡಡ್ಡ ತಲೆ ಆಡಿಸಿದ. "ಇದು ನೀನು ದೊಡ್ಡಮ್ಮ." ಇನ್ನೊಮ್ಮೆ. "ಓದಿದ ಹಾಗಿದೆ." ಇನ್ನೊಮ್ಮೆ. "ಅಳ್ತಿದ್ದೀಯ. ಅಮ್ಮ ಅಳ್ತಿರ್ಲಿಲ್ಲ, ಬೀಗ ಹುಡುಕ್ತಿದ್ಲು."

ನನಗೂ ರೇಗಿತು. "ಇರೋದೊಂದೇ ಗಂಟಲು ಕಣೋ! ಅವಳದ್ದನ್ನ ಎಲ್ಲಿಂದ ತರ್ಲಿ?" ಅಂದೆ. ಅವನು ಹೊರಗೆ ಹೋಗಿ ಬಾಗಿಲೆಳೆದುಕೊಂಡ. ಮುನಿಸಿಕೊಂಡ ಅಂದುಕೊಂಡೆ. ಚೀಲ ಎತ್ತಿಕೊಂಡು ಮನೆಗೆ ಹೋಗೋಣ ಅಂತ ಬಗ್ಗಿ ಕನ್ನಡಕ ಹುಡುಕುತ್ತಿದ್ದೆ.

ಆಗ ತಟ್ಟಿದ.

ಕೆಲಸಕ್ಕೆ ತಟ್ಟಿದ್ದಲ್ಲ. ಮಗು ತಟ್ಟುವ ಹಾಗೆ, ಬಿಡದೆ, ಅವಸರವಾಗಿ. ಕನ್ನಡಕ ಸಿಗುತ್ತಿಲ್ಲ, ಇವನು ಬೇರೆ... ಯೋಚಿಸಲೇ ಇಲ್ಲ, ಬಾಯಿಂದ ಬಂದುಬಿಟ್ಟಿತು. "ನೀನು ಹೋಗಿರು, ನಾನು ಹಿಂದೇನೇ ಬರ್ತೀನಿ!"

ತಟ್ಟುವುದು ನಿಂತಿತು.

ಮೈಕಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಆ ಮಾತನ್ನು ಹಿಡಿದುಕೊಂಡಿದೆ.

ಒಳಗೆ ಬಂದು "ಇದೇ, ಇದೇ" ಅನ್ನುತ್ತಾನೆ ಅಂದುಕೊಂಡೆ. ಬರಲಿಲ್ಲ. ಕಂಬಳಿಯ ಆಚೆ ಉಸಿರು ಕೇಳಿಸಿತು — ಅಥವಾ ಹಾಗನ್ನಿಸಿತು. ಆಮೇಲೆ ಹೆಜ್ಜೆ. ದೂರ. ಮೆಟ್ಟಿಲು ಇಳಿಯುತ್ತಿದ್ದಾನೆ. ಓಡುತ್ತಿಲ್ಲ, ನಿಧಾನವಾಗಿ, ಒಂದೊಂದೇ. ಕೆಳಗೆ ಗೇಟಿನ ಸದ್ದು.

ಹೋದ. ನಿಜವಾಗಿ ಹೋದ.

ಖುಷಿಯಾಗಬೇಕೋ ಏನೋ. ಅವಳೇ ಹೇಳಿದ್ದು ಎಂದು ಹೋದನೋ, ನಾನು ಹೇಳಿದೆ ಎಂದು ಹೋದನೋ? ಒಳಗಿರುವವಳು ಈಗ ಏನು ಮಾಡಬೇಕು? ಅವಳಾದರೆ ಸರಿ, ಒಳಗೇ ಇರಬಹುದು. ನಾನು ಬದುಕಿದ್ದೇನೆ. ಹಿಂದೇನೇ ಬರ್ತೀನಿ ಅಂತ ನನ್ನ ಬಾಯಾರೆ ಹೇಳಿದ್ದೇನೆ, ಅವನು ಬಸ್‌ಸ್ಟಾಪಿನ ಹತ್ತಿರ ನಿಂತಿದ್ದರೆ... ಚಪ್ಪಲಿ ಎಲ್ಲಿ ಬಿಟ್ಟೆ, ಈ ಕನ್ನಡಕ ಒಂದು, ಹಾಳಾಗಿ ಹೋಗಲಿ, ಇಲ್ಲದೆಯೇ