ಬೇಕರಿಯಿಂದ ಹೊರಗೆ ಬಂದವಳು

ಘಾಟ್ಕೋಪರ್ ಪೂರ್ವ
9 ನವೆಂಬರ್ 2025

ಪ್ರೀತಿಯ ನಮಿತಾ,

ಸಿನಿಮಾದಲ್ಲಿ ಸಾಯುವುದರಲ್ಲಿ ನನ್ನಷ್ಟು ಅನುಭವ ಯಾರಿಗಿದೆ ಅಂತಲೋ ಏನೋ ನೀನು ಫೋನಿನಲ್ಲಿ ಹೇಳಿದ್ದು ಲಿಸ್ಬನ್ನಿನಿಂದಲೋ ಪ್ರಾಗಿನಿಂದಲೋ, ಈಗ ನೆನಪಿಲ್ಲ. ಹಿಂದೆ ಯಾರೋ ನಕ್ಕದ್ದು ಮಾತ್ರ ಕೇಳಿಸಿತ್ತು. ಆರೋಗ್ಯ ಹೇಗಿದೆ? ಬೆನ್ನುನೋವು? ಇಲ್ಲಿ ನನ್ನ ಸಕ್ಕರೆ ಹಿಡಿತದಲ್ಲಿದೆ. ಅಮ್ಮ ಓಡಾಡಿಕೊಂಡಿದ್ದಾಳೆ. ಜೋಗೇಶ್ವರಿಯ ನಮ್ಮ ಯೂನಿಟ್ಟಿನಲ್ಲಿ ಈಗಲೂ ಔಷಧಿ ಬಾಟಲಿಗಳ ಲೇಬಲ್ಲನ್ನೇ ಅಚ್ಚು ಹಾಕುತ್ತೇವೆ. ದಿನಕ್ಕೆ ಸಾವಿರ ಸಲ ಒಂದೇ ಲೇಬಲ್ ನೋಡುವವನಿಗೆ ಎಲ್ಲೋ ಒಂದು ಬೇರೆ ಇದ್ದರೆ ಗೊತ್ತಾಗಬೇಕು. ಅಂಥ ಕಣ್ಣು ನನ್ನದೆಂದು ನಂಬಿಕೊಂಡಿದ್ದೆ.

ಜುಲೈನಿಂದ ನಿನ್ನ ಸ್ವರ ಕೇಳಿಲ್ಲ. ಮೆಸೇಜುಗಳು ಬರುತ್ತವೆ. ಮೊದಲು ನೀನು ಇಂಗ್ಲಿಷ್ ಅಕ್ಷರದಲ್ಲಿ ತಪ್ಪುತಪ್ಪು ಕನ್ನಡ ಬರೆಯುತ್ತಿದ್ದೆ, ನಡುವೆ ತುಳು ನುಗ್ಗುತ್ತಿತ್ತು. ಈಗ ಬರುವುದು ಒಂದೂ ತಪ್ಪಿಲ್ಲದ ಇಂಗ್ಲಿಷ್. ಕೆಲಸ ಜಾಸ್ತಿ, ಎಲ್ಲರಿಗೂ ಪ್ರೀತಿ, ಅಷ್ಟೇ. ನಿನ್ನ ಆಫೀಸಿನವರು ಬರೆಯುತ್ತಾರೆ ಎಂದು ಅಂದುಕೊಂಡೆ, ಬೇಸರವಾಗಲಿಲ್ಲ. ಮಾಟುಂಗದ ಸಂಘದ ನಾಟಕದಲ್ಲಿ ಎರಡು ಮಾತು ಮರೆತು ಅತ್ತಿದ್ದ ಹುಡುಗಿಗೆ ಇವತ್ತು ಆಫೀಸೇ ಇದೆಯಲ್ಲ ಎಂದು ಹೆಮ್ಮೆಯೂ ಆಗಿರಬೇಕು.

ಅಮ್ಮನ ಸ್ನಾನದ ವಿಷಯ ನಿನಗೆ ಗೊತ್ತೇ ಇದೆ. ನಿನ್ನ ಮೊದಲ ಸಿನಿಮಾ, ಕಾಲುವೆಯಲ್ಲಿ ಮುಳುಗಿ ಸಾಯುವುದು, ಆಗ ನಾವಿದ್ದ ಸಯನ್ನಿನ ಚಾಳಿನಲ್ಲಿ ಎಲ್ಲರೂ ಕೂತು ನೋಡಿದೆವು. ಮುಗಿದ ಕೂಡಲೇ ಅಮ್ಮ ಎದ್ದು ತಲೆಗೆ ನೀರು ಹಾಕಿಕೊಂಡು ಬಂದಳು. ಅದು ಸಿನಿಮಾ ಎಂದು ಅಪ್ಪ ಬೈದರು. “ಮಗಳು ಸತ್ತದ್ದು ಕಣ್ಣಾರೆ ನೋಡಿ ಹಾಗೇ ಅಡಿಗೆಕೋಣೆಗೆ ಹೋಗ್ಲಿಕ್ಕಾಗ್ತದಾ?” ಎಂದಳು. ಆಮೇಲೆ ನೀನು ಹಿಮದಲ್ಲಿ ಸತ್ತೆ, ಗುಂಡು ತಗುಲಿ ಸತ್ತೆ, ಒಂದರಲ್ಲಿ ಬರೀ ಕುರ್ಚಿಯಲ್ಲಿ ಕೂತಲ್ಲೇ ಹೋದೆ. ಅದಕ್ಕೆ ಬಹುಮಾನ ಬಂತು. ಒಟ್ಟು ಒಂಬತ್ತು ಸಿನಿಮಾ, ಒಂಬತ್ತು ಸ್ನಾನ. ಹೊಸದನ್ನು ಒಪ್ಪಿಕೊಂಡಾಗಲೆಲ್ಲ ನೀನು ಫೋನ್ ಮಾಡಿ, ಅಣ್ಣಾ, ಗೀಸರ್ ಹಾಕಿಡು ಎನ್ನುತ್ತಿದ್ದೆ.

ಹೋದ ವಾರ ಶನಿವಾರ ಹತ್ತನೆಯದು ಟಿವಿಗೆ ಬಂತು. ಅಮ್ಮನ ಕೆಲಸಕ್ಕೆ ಬರುವ ಗುರುಬಾಯಿಯೂ ಕೂತಿದ್ದಳು; ವಿಜಯಪುರದ ಕಡೆಯವಳು, ನಿನ್ನ ಸಿನಿಮಾಗಳ ಭಾಷೆ ತಿಳಿಯದಿದ್ದರೂ ಕಣ್ಣೀರು ಹಾಕುತ್ತಾಳೆ. ಈ ಸಲ ನೀನು ಸಾಯುವುದಿಲ್ಲ. ಕೊನೆಗೆ ಬೇಕರಿಯೊಳಗೆ ಹೋಗುತ್ತೀ, ಬ್ರೆಡ್ಡು ಹಿಡಿದು ಹೊರಬರುತ್ತೀ, ತಿರುಗಿ ಒಮ್ಮೆ ನೋಡಿ ಬಿಸಿಲಿನ ರಸ್ತೆಯಲ್ಲಿ ನಡೆದು ಹೋಗುತ್ತೀ. ನನಗೆ ಸಮಾಧಾನವಾಯಿತು. ಅಮ್ಮ ಎದ್ದಳು. ಬಚ್ಚಲಿನಲ್ಲಿ ತಣ್ಣೀರು ಸುರಿಯುವ ಸದ್ದು ಬಂತು.

“ಯಾಕ್ರಿ ಅಮ್ಮಾರ, ಇದರಾಗ ನಿಮ್ಮ ಮಗಳು ಸತ್ತಿಲ್ಲಲ್ರಿ. ಮತ್ಯಾಕ ಜಳಕ?” ಎಂದು ಗುರುಬಾಯಿ ನಕ್ಕಳು.

ಅಮ್ಮ ಒದ್ದೆ ತಲೆ ಒರೆಸುತ್ತಾ ಹೇಳಿದಳು: “ಒಳಗೆ ಹೋದದ್ದು ನಮ್ಮ ಹುಡುಗಿ. ಹೊರಗೆ ಬಂದದ್ದು ಅವಳಲ್ಲ.”

ಅಂದಿನಿಂದ ದೇವರ ದೀಪ ಹಚ್ಚಿಲ್ಲ. ಹುರಿದದ್ದು, ಕರಿದದ್ದು ಮಾಡುವುದಿಲ್ಲ. ಅಪ್ಪ ಹೋದಾಗ ಹೇಗೆ ಇದ್ದಳೋ ಹಾಗೆಯೇ, ಅಳು ಮಾತ್ರ ಇಲ್ಲ. ಇವತ್ತು ಒಂಬತ್ತನೆಯ ದಿನ. ಬರುವ ಗುರುವಾರಕ್ಕೆ ಹದಿಮೂರಾಗುತ್ತದೆ, ಉತ್ತರಕ್ರಿಯೆ ಆಗಬೇಕು, ಬೊಜ್ಜಕ್ಕೆ ಊರಿನವರಿಗೆ ತಿಳಿಸು ಎಂದು ದಿನಾ ಬೆಳಿಗ್ಗೆ ನೆನಪಿಸುತ್ತಾಳೆ. ಬದುಕಿರುವವಳಿಗೆ ಬೊಜ್ಜ ಮಾಡುತ್ತಾರೆಯೇ ಎಂದರೆ ನನ್ನನ್ನು ಸಣ್ಣ ಮಗುವನ್ನು ನೋಡುವಂತೆ ನೋಡುತ್ತಾಳೆ. ನಿನ್ನ ಆಫೀಸಿಗೆ ಬರೆದೆ, ಒಮ್ಮೆ ಮಾತಾಡಿದರೆ ಸಾಕು ಎಂದು. ಎರಡೇ ನಿಮಿಷದಲ್ಲಿ ಉತ್ತರ ಬಂತು: ಕೆಲಸ ಜಾಸ್ತಿ, ಎಲ್ಲರಿಗೂ ಪ್ರೀತಿ.

ಆದ್ದರಿಂದ ಈ ಕಾಗದ. ಲಿಸ್ಬನ್ ಮನೆಯ ವಿಳಾಸಕ್ಕೆ ಕೊರಿಯರ್ ಮಾಡುತ್ತೇನೆ, ಫೋಟೊ ತೆಗೆದು ಫೋನಿಗೂ ಹಾಕುತ್ತೇನೆ. ಗುರುವಾರದೊಳಗೆ ಅಮ್ಮನಿಗೆ ಫೋನ್ ಮಾಡು. ಏನೂ ಹೇಳಬೇಡ, ತುಳುವಿನಲ್ಲಿ ಸ್ವಲ್ಪ ಬೈಯಿ.

ಪ್ರತಿ ಕಾಗದದಲ್ಲೂ ಅಮ್ಮನ ಆಶೀರ್ವಾದ ಬರೆಯುತ್ತಿದ್ದೆ. ಈ ಸಲ ಕೇಳಿದ್ದಕ್ಕೆ ಅವಳು ಎದ್ದು ಹೋದಳು. ನನ್ನದನ್ನೇ ಎರಡು ಪಾಲು ಎಂದು ತಿಳಿದುಕೋ.

ನಿನ್ನ ಅಣ್ಣ
ಕಿಶೋರ

ತಾ.ಕ.: ಲಕೋಟೆ ಅಂಟಿಸುವ ಮೊದಲು ಆ ಸಿನಿಮಾ ಇನ್ನೊಮ್ಮೆ ಹಾಕಿ ನೋಡಿದೆ. ಯಾರಾದರೂ ಕರೆದರೆ ನೀನು ಮೊದಲು ಕಣ್ಣು ಹೊರಳಿಸುತ್ತೀ, ಕುತ್ತಿಗೆ ಆಮೇಲೆ; ಚಿಕ್ಕಂದಿನಿಂದ ಹಾಗೆ. ಬೇಕರಿಯ ಹೊರಗೆ ತಿರುಗುವವಳಿಗೆ ಎರಡೂ ಒಟ್ಟಿಗೇ ತಿರುಗುತ್ತವೆ. ಮುಖ ನಿನ್ನದೇ, ಗಲ್ಲದ ಮಚ್ಚೆಯೂ ಅಲ್ಲೇ ಇದೆ. ಈಗ ಕಂಪ್ಯೂಟರಿನಲ್ಲೇ ಮನುಷ್ಯರನ್ನು ಹೀಗೆಲ್ಲ ಮಾಡುತ್ತಾರಂತೆ ಎಂದುಕೊಂಡು ಸಿನಿಮಾವನ್ನು ಹಿಂದಕ್ಕೆ ಓಡಿಸಿದೆ. ಅಮ್ಮ ಹೇಳಿದಂತೆ ಬೇಕರಿಯೊಳಗೆ ಹೋದವಳು ನೀನಾಗಿರಬೇಕಿತ್ತು. ಅವಳೂ ಹಾಗೇ ತಿರುಗುತ್ತಾಳೆ. ಅದಕ್ಕೂ ಮೊದಲು ರೈಲಿನಲ್ಲಿ, ಅದಕ್ಕೂ ಮೊದಲು ಅಡಿಗೆಮನೆಯಲ್ಲಿ. ಅಮ್ಮನಿಗೆ ಇದನ್ನು ಹೇಳಿಲ್ಲ. ನಮಿತಾ, ಯಾವ ದೃಶ್ಯದವರೆಗೆ ಇದ್ದದ್ದು ನೀನು?