ತಿರುಗುವ ಕಪಾಟಿನ ಮನೆ

ಇಂಡಿ
೯ ನವೆಂಬರ್ ೧೯೭೪, ಶನಿವಾರ

ಮುದ್ದೇಬಿಹಾಳ ದವಾಖಾನೆಯ ನರ್ಸಮ್ಮನವರೂ ನನ್ನ ಒಬ್ಬಳೇ ಅಕ್ಕನೂ ಆದ ಲಾಲಬಿ ಆಪಾಗೆ, ಅಡುಗೆಮನೆಯ ಮಹಾರಾಣಿ ಬಾನುಬಿಯ ಸಲಾಮು.

ಈ ಮೂಲಕ ತಿಳಿಸುವುದೇನೆಂದರೆ, ನಮ್ಮ ಮನೆ ಮಾರಾಟಕ್ಕಿದೆ. ನಮ್ಮ ಇಸಾಕ ಭಾಯಿ ನಿಡಗುಂದಿಯಲ್ಲಿ ಸಿಮೆಂಟಿನ ಅಂಗಡಿ ಹಾಕಿದ್ದಾನೆ. ಅಬ್ಬಾನೂ ನಾನೂ ಅಲ್ಲಿಗೇ ಹೋಗುತ್ತೇವೆ. ಕೊಳ್ಳುವವರು ಸಿಂದಗಿಯ ಬಸಂತರಾಯರು.

ಮೊನ್ನೆ ಅವರು ಮನೆ ನೋಡಲು ಬಂದಿದ್ದರು. ಸೊಲ್ಲಾಪುರದ ಯಾವುದೋ ಬಂಗಲೆ ಕಂಡು ಬಂದು ಅಬ್ಬಾ ೧೯೫೩ರಲ್ಲಿ ಕಟ್ಟಿಸಿದ ಮನೆಯಲ್ಲವೇ, ತೋರಿಸಲು ಬಹಳ ಇದೆ. ಬೀದಿಯ ಕಡೆಗಿನ ದುಂಡು ಕಿಟಕಿ ಹಡಗಿನ ಕಿಟಕಿಯ ಹಾಗೆ ಇದೆಯಂತೆ. ಇಂಡಿಯಲ್ಲಿ ಹಡಗು ಕಂಡವರಿಲ್ಲ, ಆದ್ದರಿಂದ ತಕರಾರೂ ಇಲ್ಲ. ಮಾಳಿಗೆಯ ಮೇಲಿನ ಮೆಟ್ಟಿಲು ಹತ್ತಿದರೆ ನೇರ ಆಕಾಶ.

“ಈ ಮೆಟ್ಟಲಾ ಎಲ್ಲಿಗೆ ಹೋಗತಾವ್ರಿ, ರಜಾಕಸಾಹೇಬ್ರ?” ಎಂದರು ರಾಯರು.

“ಎಲ್ಲಿಗೂ ಹೋಗೂದಿಲ್ರಿ. ಗಾಳಿ ಚಲೋ ಬರತೈತಿ.”

ಕೊನೆಗೆ ಕಪಾಟು. ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಬಡಿಗ ಕಾಳಪ್ಪ ಕೂಡಿಸಿದ ತೇಗದ ಕಪಾಟು. ಒಳಗಿನಿಂದ ಚಹಾ ಇಟ್ಟು ತಿರುಗಿಸಿದರೆ ಹೊರಗೆ ಕೂತವರ ಕೈಗೆ ಹೋಗುತ್ತದೆ. ಇಟ್ಟ ಹೆಣ್ಣುಮಗಳ ಮುಖ ಕಾಣದು. ಮಾತು ಮಾತ್ರ ಎಲ್ಲ ಕೇಳುತ್ತದೆ, ಅದು ಕಾಳಪ್ಪನ ಕಸುಬಿನ ದೋಷ.

ಅಬ್ಬಾ ಚಹಾಕ್ಕಾಗಿ ಕಪಾಟು ಬಡಿದರು. ನಾನು ವಿನಯದಿಂದ ತಿರುಗಿಸಿದೆ. ಹೊರಗೆ ಹೋದದ್ದು ನಮ್ಮ ಚುಕ್ಕಿ ಕೋಳಿ.

“ಯಪ್ಪಾ! ಇದೇನ್ರಿ, ತಿನ್ನಾಕ ಜೀವಂತ ಫರಾಳ!” ರಾಯರು ಕುರ್ಚಿಯಿಂದ ಜಿಗಿದರು.

ಬೈಗುಳ ಬೀಳುತ್ತದೆಂದು ಕಾದೆ. ಬೀಳಲಿಲ್ಲ. ಅಬ್ಬಾ ಕೋಳಿಯನ್ನು ಎತ್ತಿ ಅಂಗಳಕ್ಕೆ ಬಿಟ್ಟು ಬಂದು, ಮಾಳಿಗೆ ಸೋರುವುದಿಲ್ಲವೆಂದು ಹೇಳತೊಡಗಿದರು. ಅಮ್ಮಾ ಹೋದ ಮೇಲೆ ಮನೆ ಹೀಗೇ ಇದೆ. ನಾನೂ ಹಾಗೇ. ಅತ್ತು ನೋಡೋಣವೆಂದು ಒಂದು ದಿನ ಬುಟ್ಟಿ ಉಳ್ಳಾಗಡ್ಡಿ ಹೆಚ್ಚಿದೆ. ಕಣ್ಣೀರು ಬಂತು, ಅಳು ಬರಲಿಲ್ಲ.

ಅಮ್ಮಾನ ಮಣ್ಣಿಗೆ ನೀನು ಹಿತ್ತಲ ಬಾಗಿಲಿಂದ ಬಂದು, ಅಲ್ಲಿಂದಲೇ ಹೋದೆ. ಗೊತ್ತಾದ ನಿಕಾಹ ಬಿಟ್ಟು ನೀನು ನರ್ಸಿಂಗ್ ಕಲಿಯಲು ಹೊರಟ ದಿನ ಅಬ್ಬಾ ಆಣೆ ಹಾಕಿದ್ದರಲ್ಲ, “ಇನ್ನ ಆಕಿ ಮಾರಿ ನೋಡೂದಿಲ್ಲ” ಎಂದು? ಆ ಆಣೆಯನ್ನು ನಾನು ಕಾಜಿಯ ಗಾಂಭೀರ್ಯದಿಂದ ಪರಿಶೀಲಿಸಿದ್ದೇನೆ. ಅದರಲ್ಲಿ ಮುಖದ ಮಾತಿದೆ. ಚಹಾದ ಮಾತಿಲ್ಲ.

ನಿಡಗುಂದಿಯ ಮನೆಯಲ್ಲಿ ಬರೀ ಗೋಡೆಗಳು. ತಿರುಗುವಂಥದ್ದು ಏನೂ ಇಲ್ಲ. ೧೮ರ ಸೋಮವಾರ ಖರೀದಿ ಪತ್ರ ಆಗುತ್ತದೆ. ಅದಕ್ಕೆ ಮೊದಲು, ೧೫ರ ಶುಕ್ರವಾರ ಬಾ. ನಮಾಜು ಮುಗಿಸಿ ಬಂದು ಅಬ್ಬಾ ಪಡಸಾಲೆಯಲ್ಲಿ ಕೂರುತ್ತಾರೆ. ನೀನು ಹಿತ್ತಲಿಂದ ಒಳಗೆ ಬಂದು ನಿನ್ನ ಕಾಳುಮೆಣಸಿನ ಚಹಾ ಕಾಸು. ನೀನು ಹೋದಾಗಿನಿಂದ ಅದನ್ನು ಈ ಮನೆಯಲ್ಲಿ ಯಾರೂ ಕಾಸಿಲ್ಲ. ಮೊದಲ ಗುಟುಕಿಗೇ ಯಾರ ಕೈಯದೆಂದು ಅವರಿಗೆ ತಿಳಿಯುತ್ತದೆ. ಕಪ್ಪು ಬರಿದಾಗಿ ತಿರುಗಿ ಬಂದರೆ ಸರಿ. ತುಂಬಿಯೇ ಬಂದರೆ ನಾವಿಬ್ಬರೂ ಕುಡಿದು, ತೊಳೆದು, ಬೋರಲು ಹಾಕೋಣ. ಮನೆಯಲ್ಲಿ ಕಾಳುಮೆಣಸಿಲ್ಲ. ಬರುವಾಗ ತಾ.

ಕೋಳಿಯ ಕ್ಷಮೆ ಕೇಳಿರುವ,
ನಿನ್ನ ಬಾನು

ತಾ.ಕ.: ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳುವ ನನ್ನ ಚಟ ನಿನಗೆ ಗೊತ್ತು. ಅಡುಗೆಮನೆಯಲ್ಲೇ ಕೂತು ಓದಿದೆ. ಸ್ವಲ್ಪ ಹೊತ್ತಿಗೆ ಪಡಸಾಲೆಯಿಂದ ಅಬ್ಬಾ ಚಪ್ಪಲಿ ಮೆಟ್ಟಿ ಹೊರಗೆ ಹೋದ ಸಪ್ಪಳ. ಈಗ ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಕಪಾಟು ಆ ಕಡೆಯಿಂದ ತಿರುಗಿತು. ಒಳಗೆ ಬಜಾರದ ಒಂದು ಪೊಟ್ಟಣ. ಬಿಚ್ಚಿ ನೋಡಿದೆ.

ಕಾಳುಮೆಣಸು ತರಬೇಡ, ಆಪಾ.